ವೈರಸ್ ಬರುವ ಮೊದಲೇ ಎದ್ದಿರುವ ಕಾವಲು

ಜನನಾಂಗದ ಹರ್ಪಿಸ್ ವೈರಸ್ ಯೋನಿಯ ಒಳಪದರಕ್ಕೆ ತಾಗಿದೆ ಅಂದುಕೊಳ್ಳಿ. ಮೊದಲು ಲೋಳೆ ಅಡ್ಡ ಬರುತ್ತದೆ. ಅಲ್ಲೇ ನೆಲೆಸಿರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ತಯಾರಿಸಿದ ಹುಳಿಯೂ ಇರುತ್ತದೆ. ಇವೆರಡನ್ನೂ ದಾಟಿ ಅದು ಒಂದು ಜೀವಕೋಶದೊಳಗೆ ನುಗ್ಗಿತು. ಹೊಸ ವೈರಸ್ಸಿಗೆ ತಕ್ಕ ಪ್ರತಿಕಾಯಗಳು ತಯಾರಾಗಲು ಒಂದು ವಾರವಾದರೂ ಬೇಕು. ವೈರಸ್ಸಿಗೆ ತನ್ನ ಸಂತತಿ ಬೆಳೆಸಲು ಒಂದು ದಿನ ಸಾಕು. ಅಷ್ಟು ದಿನ ಕಾಯುವವರು ಯಾರು?

ಕಾಯುವ ಕೆಲಸ ಶುರುವಾಗುವುದು ಆ ಜೀವಕೋಶದಿಂದಲೇ. ನಮ್ಮ ಡಿಎನ್ಎ ಇರಬೇಕಾದದ್ದು ಕೋಶದ ಕೇಂದ್ರದಲ್ಲಿ. ಅದರ ಹೊರಗೆ, ಹರ್ಪಿಸ್ ತಂದಂಥ ಡಿಎನ್ಎ ಕಂಡರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಸಿ-ಗ್ಯಾಸ್ ಎಂಬ ಪ್ರೋಟೀನು ಅಂಥ ಡಿಎನ್ಎಗೆ ಅಂಟಿಕೊಂಡು ಒಂದು ಪುಟ್ಟ ಅಣುವನ್ನು ತಯಾರಿಸುತ್ತದೆ. ಆ ಅಣು ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ. ಆಮೇಲೆ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಸುತ್ತಲಿನ ಕೋಶಗಳಿಗೆ ಇದೇ ಎಚ್ಚರಿಕೆ. ಅವು ನೂರಾರು ಜೀನ್‌ಗಳನ್ನು ಚಾಲೂ ಮಾಡಿ ತಯಾರಾಗಿ ನಿಲ್ಲುತ್ತವೆ. ಈಗ ವೈರಸ್ ಒಳಗೆ ಬಂದರೂ ಅದಕ್ಕೆ ಬೇಕಾದ ಪ್ರೋಟೀನು ಮಾಡಿಕೊಡಲು ಒಪ್ಪುವುದಿಲ್ಲ. ಮೊದಲ ಕೋಶ ಸತ್ತೇ ಹೋಗಬಹುದು. ಆದರೆ ಸುದ್ದಿ ಮುಟ್ಟಿಸಿಯೇ ಸಾಯುತ್ತದೆ.

ಇಂಟರ್‌ಫೆರಾನ್ ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನಲ್ಲಿ. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಯ ಚೂರುಗಳ ಮೇಲೆ, ಬಿಸಿ ಮಾಡಿ ಕೊಂದ ಫ್ಲೂ ವೈರಸ್ ಹಾಕಿ ಅದನ್ನು ಕಂಡುಹಿಡಿದರು.

ನನಗೆ ತುಂಬಾ ಹಿಡಿಸುವುದು ಇದರ ಒಂದು ತಂಗಿ, ಇಂಟರ್‌ಫೆರಾನ್ ಎಪ್ಸಿಲಾನ್. ಉಳಿದ ಇಂಟರ್‌ಫೆರಾನ್‌ಗಳು ಸಾಮಾನ್ಯವಾಗಿ ವೈರಸ್ ಬಂದ ಮೇಲೆ ಹುಟ್ಟುತ್ತವೆ. ಇದು ಹೆಣ್ಣಿನ ಜನನಾಂಗದ ಒಳಪದರದಲ್ಲಿ ಸೋಂಕಿಲ್ಲದಾಗಲೂ ತಯಾರಾಗುತ್ತಲೇ ಇರುತ್ತದೆ. ಇದು ಎಷ್ಟು ಇರಬೇಕೆಂದು ಹೇಳುವುದು ವೈರಸ್ ಅಲ್ಲ, ಹಾರ್ಮೋನು. ಈಸ್ಟ್ರೋಜೆನ್ ಇದನ್ನು ಹೆಚ್ಚಿಸುತ್ತದೆ. ಮುಟ್ಟಿನ ಚಕ್ರದಲ್ಲಿ ಅಂಡ ಬಿಡುಗಡೆಯಾದ ಮೇಲೆ ಗರ್ಭಕೋಶದ ಒಳಪದರದಲ್ಲಿ ಇಳಿಯುತ್ತದೆ, ಮುಟ್ಟು ನಿಂತ ಹೆಂಗಸರಲ್ಲಂತೂ ತೀರಾ ಕಡಿಮೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಜೀನ್ ಇಲ್ಲದ ಇಲಿಗಳಿಗೆ ಹರ್ಪಿಸ್ ಜಾಸ್ತಿ ಕಾಡಿತು. ಕ್ಲಮೀಡಿಯಾ ಬ್ಯಾಕ್ಟೀರಿಯಾ ಕೂಡ ಹಾಗೆಯೇ ಕಾಡಿತು.

ಹಾಗಿದ್ದರೆ ಈ ಸಂಕೇತ ಯಾವಾಗಲೂ ಜೋರಾಗಿಯೇ ಇರಬಹುದಿತ್ತು, ಅಲ್ವಾ? ಆಗ ಊತ ಬರುತ್ತದೆ, ಒಳಪದರ ಹಾಳಾಗುತ್ತದೆ. ಊತವಿದ್ದಲ್ಲಿ ಬಿಳಿ ರಕ್ತಕಣಗಳು ಗುಂಪುಗೂಡುತ್ತವೆ. ಅವುಗಳಲ್ಲಿ ಕೆಲವು ಎಚ್‌ಐವಿ ತಾನು ಹೊಕ್ಕಲು ಹುಡುಕುವ ಕೋಶಗಳೇ. ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಲು ಇದೂ ಒಂದು ಕಾರಣ. ಎಪ್ಸಿಲಾನ್ ಮೆಲ್ಲಗೆ ಕೆಲಸ ಮಾಡುವ ಅಣು. ಇಲಿಗಳಲ್ಲಿ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿಗೆ ಅದು ಇನ್ನೂ ತಗ್ಗಿಬಿಡುತ್ತದೆ.

ಹರ್ಪಿಸ್ ಸುಮ್ನೆ ಕೂರುವುದಿಲ್ಲ. ಈ ಎಚ್ಚರಿಕೆಯನ್ನು ಅಡಗಿಸುವ ಪ್ರೋಟೀನುಗಳು ಅದರ ಬಳಿ ಇವೆ. ನರದ ತುದಿ ಸಿಕ್ಕಿದರೆ ಬೆನ್ನಿನ ಕೆಳಭಾಗದ ನರಗಂಟುಗಳಿಗೆ ಹೋಗಿ ಜೀವನಪೂರ್ತಿ ಅಡಗಿರುತ್ತದೆ.

ಜನನಾಂಗದ ನರಹುಲಿ ತರುವ ಎಚ್‌ಪಿವಿ ಎಂಬ ವೈರಸ್ಸಿನದು ಬೇರೆ ದಾರಿ. ಅದು ಕೋಶವನ್ನು ಒಡೆಯದೆ, ಗಲಾಟೆ ಮಾಡದೆ ಬೆಳೆಯುತ್ತದೆ. ಹಾಗಾಗಿ ಎಚ್ಚರಿಕೆಯೇ ಸರಿಯಾಗಿ ಹೊರಡುವುದಿಲ್ಲ. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮಿಕ್ವಿಮಾಡ್ ಕ್ರೀಮು ಈ ನರಹುಲಿಗೆ ಹಚ್ಚುವ ಔಷಧಿ. ಅದು ವೈರಸ್ಸನ್ನು ಮುಟ್ಟುವುದೇ ಇಲ್ಲ. ನಮ್ಮ ರಕ್ಷಣಾ ಕೋಶಗಳ ಟಿಎಲ್‌ಆರ್-7 ಎಂಬ, ಅಪಾಯ ಗುರುತಿಸುವ ಪ್ರೋಟೀನನ್ನು ತಟ್ಟಿ ಎಬ್ಬಿಸುತ್ತದೆ, ಅಷ್ಟೆ. ಇಂಟರ್‌ಫೆರಾನ್ ಹರಿಯುತ್ತದೆ, ಕ್ರೀಮು ಹಚ್ಚಿದ ಜಾಗ ಕೆಂಪಾಗಿ ಉರಿಯುತ್ತದೆ. ಉರಿ ತೀರಾ ಜಾಸ್ತಿಯಾದರೆ ಡಾಕ್ಟರು ಕೆಲವು ದಿನ ಬಿಡಲು ಹೇಳುತ್ತಾರೆ. ಇಷ್ಟು ದಿನ ಕೇಳದೇ ಹೋಗಿದ್ದ ಎಚ್ಚರಿಕೆ ಈಗ ಕೋಶಗಳಿಗೆ ಮುಟ್ಟಿದ್ದರ ಗುರುತು ಆ ಉರಿ.