ಅರ್ಮೇನಿಯನ್ನರ ನೆನಪಿನ ಪುಸ್ತಕಗಳು: ಯಾರಿಗಾಗಿ ಬರೆದರು, ಯಾವ ಲಿಪಿಯಲ್ಲಿ?

1915ರ ಏಪ್ರಿಲ್ 24ರ ರಾತ್ರಿ ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅರ್ಮೇನಿಯನ್ ಲೇಖಕರು, ಪತ್ರಕರ್ತರು, ಪಾದ್ರಿಗಳನ್ನು ಹುಡುಕಿ ಹುಡುಕಿ ಬಂಧಿಸಿದರು. ಬರೆಯಬಲ್ಲವರನ್ನೇ ಮೊದಲು ಹಿಡಿದದ್ದು. ಹೀಗಾಗಿ, ಒಟ್ಟೋಮನ್ ಸರ್ಕಾರ ಅರ್ಮೇನಿಯನ್ನರನ್ನು ಊರು ಬಿಡಿಸಿ, ನಡೆಸಿಕೊಂಡು ಹೋಗಿ ಕೊಂದ ಆ ನರಮೇಧದ ಕಥೆ ಹೇಳುವ ಭಾರ ಬಹುಪಾಲು ಬಿದ್ದದ್ದು ಬರವಣಿಗೆಯ ರೂಢಿಯಿಲ್ಲದ ಕುಶಲಕರ್ಮಿಗಳ, ಅನಾಥಾಲಯಗಳಲ್ಲಿ ಬೆಳೆದ ಮಕ್ಕಳ ಮೇಲೆ.

ಆ ರಾತ್ರಿ ಸಿಕ್ಕಿಬಿದ್ದೂ ಬದುಕುಳಿದ ಕೆಲವರಲ್ಲಿ ಪಾದ್ರಿ ಗ್ರಿಗೋರಿಸ್ ಬಲಾಕಿಯನ್ ಒಬ್ಬರು. ಗಡೀಪಾರಿನ ದಾರಿಯಲ್ಲಿ ತಪ್ಪಿಸಿಕೊಂಡು, ಬಾಗ್ದಾದ್ ರೈಲುಮಾರ್ಗದ ಕಾಮಗಾರಿಯಲ್ಲಿ ವೇಷ ಮರೆಸಿಕೊಂಡು ದಿನ ದೂಡಿದರು. ಅವರ ನೆನಪುಗಳ ಮೊದಲ ಸಂಪುಟ 1922ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯಿತು. ಎರಡನೆಯದು 1959ರಲ್ಲಿ ಪ್ಯಾರಿಸ್‌ನಲ್ಲಿ ಬರುವಾಗ ಅವರು ತೀರಿಕೊಂಡು 25 ವರ್ಷವಾಗಿತ್ತು. ಇಂಗ್ಲಿಷಿಗೆ ಬಂದದ್ದು 2009ರಲ್ಲಿ.

ಅರೋರಾ ಮಾರ್ಡಿಗಾನಿಯನ್ ಅವರದು ಬೇರೆಯೇ ಕಥೆ. ಹದಿಹರೆಯದಲ್ಲಿ ನ್ಯೂಯಾರ್ಕ್ ಸೇರಿದ ಈ ಹುಡುಗಿ ಅರ್ಮೇನಿಯನ್ ಭಾಷೆಯಲ್ಲಿ ಹೇಳಿದ್ದನ್ನು ದುಭಾಷಿಯ ಮೂಲಕ ಕೇಳಿ, ಚಿತ್ರಕಥೆ ಬರೆಯುತ್ತಿದ್ದವರೊಬ್ಬರು ಇಂಗ್ಲಿಷಿನಲ್ಲಿ ಬರೆದರು. 1918ರಲ್ಲಿ ಪುಸ್ತಕ, 1919ರಲ್ಲಿ ಸಿನಿಮಾ, ನಟಿಸಿದ್ದೂ ಅವರೇ. ಉದ್ದೇಶ ನಿರಾಶ್ರಿತರಿಗಾಗಿ ಅಮೆರಿಕನ್ನರಿಂದ ಹಣ ಕೂಡಿಸುವುದು. ಪರದೆಯ ಮೇಲೆ ಹೆಣ್ಣುಮಕ್ಕಳನ್ನು ಶಿಲುಬೆಗೇರಿಸಿದ ದೃಶ್ಯವಿದೆ. ನಿಜಕ್ಕೂ ಬಳಸಿದ್ದು ಚೂಪಾದ ಗೂಟಗಳನ್ನು ಎಂದು ಅವರೇ ವೃದ್ಧಾಪ್ಯದಲ್ಲಿ ತಿದ್ದಿದರು. ಅವರು ಕಂಡದ್ದು ತೆರೆಯ ಮೇಲಿನದ್ದಕ್ಕಿಂತ ಭೀಕರವಾಗಿತ್ತು. ಸಾಕ್ಷಿಯ ಮಾತು ಯಾರ ಕೈ ದಾಟಿ ಬಂದಿದೆ ಎಂದು ಕೇಳಲೇಬೇಕಾದದ್ದು ಇದಕ್ಕೇ.

ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಅಮೂಲ್ಯವಾದವು ‘ಹುಶಮಾಟ್ಯಾನ್’ಗಳು, ಅಂದರೆ ನೆನಪಿನ ಪುಸ್ತಕಗಳು. ಬೋಸ್ಟನ್, ಬೈರೂತ್, ಪ್ಯಾರಿಸ್‌ಗಳಲ್ಲಿ ನೆಲೆ ನಿಂತವರು ತಮ್ಮ ತಮ್ಮ ಊರಿನ ಹೆಸರಲ್ಲಿ ಸಂಘ ಕಟ್ಟಿಕೊಂಡು, ಚಂದಾ ಎತ್ತಿ ಇವನ್ನು ಅಚ್ಚು ಹಾಕಿಸಿದರು. ನೆನಪಿನಿಂದಲೇ ಬರೆದ ಊರಿನ ನಕ್ಷೆ, ಮನೆತನಗಳ ಪಟ್ಟಿ, ಊರಿನ ಆಡುಮಾತು, ಗಾದೆ, ಹಾಡು, ಅಡುಗೆ ಎಲ್ಲವೂ ಅಲ್ಲಿವೆ. ಕೊಲೆಗಳ ಅಧ್ಯಾಯ ಬರುವುದು ಅವೆಲ್ಲ ಮುಗಿದ ಮೇಲೆ. ಇವು ಪರರಿಗೆ ಪುರಾವೆ ಒದಗಿಸಲು ಬರೆದವಲ್ಲ. ‘ಯೆರ್ಗಿರ್’ (ನಮ್ಮ ನಾಡು) ಹೇಗಿತ್ತೆಂದು ತಮ್ಮ ಮಕ್ಕಳಿಗೆ ತಿಳಿಯಲಿ ಎಂದು ಬರೆದವು. ಬೈರೂತಿನ ಬುರ್ಜ್ ಹಮ್ಮೂದ್‌ನಲ್ಲಿ ಇದೇ ಜನ ತಮ್ಮ ಕೇರಿಗಳಿಗೆ ನೋರ್ ಮರಾಶ್, ನೋರ್ ಅದಾನಾ ಎಂದು ಹೆಸರಿಟ್ಟರು. ನೋರ್ ಎಂದರೆ ಹೊಸ; ಮರಾಶ್, ಅದಾನಾ ಅವರು ಬಿಟ್ಟು ಬಂದ ಊರುಗಳು.

ಕೈಬರಹದ ನೋಟುಪುಸ್ತಕಗಳಲ್ಲಿ ಇನ್ನೊಂದು ತೊಡಕಿದೆ. ಐಂತಾಬ್, ಅದಾನಾ ಕಡೆಯ ಎಷ್ಟೋ ಅರ್ಮೇನಿಯನ್ನರ ಮನೆಮಾತು ತುರ್ಕಿ. ಅವರು ತುರ್ಕಿಯನ್ನೇ ಅರ್ಮೇನಿಯನ್ ಅಕ್ಷರಗಳಲ್ಲಿ ಬರೆದರು. ಮಂಗಳೂರಿನಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವವರಿಗೆ ಇದು ವಿಚಿತ್ರವೆನಿಸದು. ಆದರೆ ಇಂದು ತುರ್ಕಿ ಬಲ್ಲವರಿಗೆ ಆ ಲಿಪಿ ಬಾರದು, ಲಿಪಿ ಬಲ್ಲ ಮೊಮ್ಮಕ್ಕಳಿಗೆ ತುರ್ಕಿ ಬಾರದು.

1965ರಲ್ಲಿ, ನರಮೇಧದ ಐವತ್ತನೇ ವರ್ಷಕ್ಕೆ, ಸೋವಿಯತ್ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಜನ ಬೀದಿಗಿಳಿದರು. ಆಮೇಲೆ ಆತ್ಮಕಥನಗಳೂ ಧ್ವನಿಮುದ್ರಣಗಳೂ ಹೆಚ್ಚಿದವು. 1955ರಿಂದಲೇ ಜಾನಪದ ವಿದ್ವಾಂಸೆ ವೆರ್ಜಿನೆ ಸ್ವಾಜ್ಲಿಯನ್ ವೃದ್ಧರ ಬಳಿ ಹೋಗಿ ಅವರ ಮಾತನ್ನೂ ಹಾಡನ್ನೂ ಬರೆದುಕೊಳ್ಳುತ್ತಿದ್ದರು. 2011ರ ಹೊತ್ತಿಗೆ ಅವರು ಪ್ರಕಟಿಸಿದ ಸಾಕ್ಷ್ಯಗಳ ಸಂಖ್ಯೆ 700.

ಇವನ್ನು ಓದುವಾಗ ಎಡವುವುದು ಸುಲಭ. ಹಳೆಯ ಜೂಲಿಯನ್ ಪಂಚಾಂಗ 13 ದಿನ ಹಿಂದಿದೆ. ‘ಏಪ್ರಿಲ್ 11’ ಎಂದು ಬರೆದಿದ್ದರೆ ಅದು ನಮ್ಮ ಏಪ್ರಿಲ್ 24, ಲೇಖಕರ ತಪ್ಪಲ್ಲ. ಪಶ್ಚಿಮ ಅರ್ಮೇನಿಯನ್ (ಒಟ್ಟೋಮನ್ ನಾಡಿನ ಅರ್ಮೇನಿಯನ್ನರ ಭಾಷಾರೂಪ) ಉಚ್ಚಾರದಲ್ಲಿ ಪ-ಬ ಅದಲುಬದಲಾಗುತ್ತವೆ. ಆದ್ದರಿಂದ ಪೆಟ್ರೋಸ್, ಬೆದ್ರೋಸ್ ಎರಡೂ ಒಂದೇ ಹೆಸರು. ಜೈತೂನ್ ಎಂಬ ಊರು ಇಂದಿನ ಭೂಪಟದಲ್ಲಿ ಸಿಗದು, ಅದು ಈಗ ಸುಲೇಮಾನ್ಲಿ. ಅನಾಥ ಮಕ್ಕಳ ವಯಸ್ಸು ಎಷ್ಟೋ ಸಲ ಅಂದಾಜಿನದು. ಇನ್ನು ‘ಜೆನೊಸೈಡ್’ (ನರಮೇಧ) ಎಂಬ ಪದವನ್ನು ಕಾನೂನು ತಜ್ಞ ರಫಾಯೆಲ್ ಲೆಮ್ಕಿನ್ ಕಟ್ಟಿದ್ದೇ 1944ರಲ್ಲಿ. 1920ರ ದಶಕದ ಬರಹವೊಂದರ ಅನುವಾದದಲ್ಲಿ ಅದು ಕಂಡರೆ ಮೂಲ ತೆರೆದು ನೋಡಬೇಕು. ಅಲ್ಲಿ ಇರಬಹುದಾದದ್ದು ‘ಅಕ್ಸೋರ್’, ಗಡೀಪಾರು. ಬದುಕುಳಿದವರು ತಮ್ಮ ನಡಿಗೆಗೆ ಇಟ್ಟುಕೊಂಡಿದ್ದ ಮಾತು ಅದು.