ಜ್ವರ ನೋಡಿದ್ರಿ ಸರಿ, ಶುಗರ್ ನೋಡಿದ್ರಾ?

ಶುಗರ್ ಕಾಯಿಲೆ ಇರುವ ಮನೆಯ ಹಿರಿಯರಿಗೆ ಕೋವಿಡ್ ಬಂದಿದೆ ಅಂತ ಫೋನ್ ಮಾಡುವವರು ಜ್ವರ ಎಷ್ಟು, ಕೆಮ್ಮು ಹೇಗಿದೆ, ಆಕ್ಸಿಜನ್ ಎಷ್ಟಿದೆ ಎಲ್ಲ ಹೇಳುತ್ತಾರೆ. ಶುಗರ್ ಎಷ್ಟು ಅಂತ ಕೇಳಿದರೆ ಮಾತ್ರ, "ಹೋದ ತಿಂಗಳು ಲ್ಯಾಬಲ್ಲಿ ನೋಡಿಸಿದ್ದೆವು ಡಾಕ್ಟ್ರೇ" ಅನ್ನುತ್ತಾರೆ. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದು, ಉಡುಪಿ ಕಡೆಯ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಕಡೆಗಳಲ್ಲಂತೂ ಇದು ಜಾಸ್ತಿ.

ಸೋಂಕು ಬಂದಾಗ ದೇಹ ಅದರ ಜೊತೆ ಹೋರಾಡಲು ಕೆಲವು ಹಾರ್ಮೋನು ಬಿಡುತ್ತದೆ. ಅವು ಲಿವರಿನಿಂದ ಸಕ್ಕರೆಯನ್ನು ರಕ್ತಕ್ಕೆ ತಳ್ಳುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ. ಅದಕ್ಕೇ ಅಮ್ಮ ಎರಡು ಚಮಚ ಗಂಜಿ ಮಾತ್ರ ಕುಡಿದಿದ್ದರೂ ಶುಗರ್ 280 ತೋರಿಸಬಹುದು. ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆದರೆ ಕೈ ತೊಳೆದಿದ್ದಾರಾ ನೋಡಿ. ಹಲಸಿನ ಹಣ್ಣು ಬಿಡಿಸಿದ ಬೆರಳಿಂದ ರಕ್ತ ತೆಗೆದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಚುಚ್ಚಿ. ನಮ್ಮ ಮಳೆಗಾಲದ ತೇವಕ್ಕೆ ಮೀಟರಿಗೆ ಹಾಕುವ ಸ್ಟ್ರಿಪ್ಪಿನ ಡಬ್ಬಿ ಮುಚ್ಚದೆ ಬಿಟ್ಟರೆ ಸ್ಟ್ರಿಪ್ಪೂ ಹಾಳಾಗುತ್ತದೆ.

ದಿನಕ್ಕೆ ನಾಲ್ಕು ಸಲ ನೋಡಿ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮಧ್ಯಾಹ್ನ ಮತ್ತು ರಾತ್ರಿ ಊಟಕ್ಕೆ ಮೊದಲು, ಮಲಗುವಾಗ. ಒಂದು ಪುಸ್ತಕದಲ್ಲಿ ಬರೆದಿಡಿ. ಸಾಮಾನ್ಯವಾಗಿ 100ರಿಂದ 180ರ ಒಳಗಿದ್ದರೆ ಸಾಕು. 250ರ ಮೇಲೆ ಎರಡು ಸಲ ಬಂದರೆ ಡಾಕ್ಟರಿಗೆ ಫೋನ್ ಮಾಡಿ. 70ಕ್ಕಿಂತ ಕೆಳಗೆ ಹೋದರೆ ಫೋನಿಗೂ ಮೊದಲು ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನನಗೆ ಜಾಸ್ತಿ ಭಯ ಆಗುವುದು ಮಾತ್ರೆಗಳ ವಿಷಯದಲ್ಲಿ. ಊಟ ಸೇರದಿದ್ದರೂ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಎಂದಿನಂತೆ ನುಂಗಿಸುತ್ತಾರೆ, ರಾತ್ರಿ ಶುಗರ್ ಕುಸಿಯುತ್ತದೆ, ವಯಸ್ಸಾದವರು ಬೆವರಿ ಗಲಿಬಿಲಿಗೊಂಡರೆ ಮನೆಯವರು ಅದನ್ನು ಜ್ವರದ ಸುಸ್ತು ಅಂದುಕೊಂಡು ಮಲಗಿಸಿಬಿಡುತ್ತಾರೆ. ವಾಂತಿ ಭೇದಿ ಇದ್ದರೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಶುಗರ್ ಮಾತ್ರೆ ಇದ್ದರೆ ಮೊದಲ ದಿನವೇ ಡಾಕ್ಟರಿಗೆ ಹೇಳಿ. ಊಟ ನೀರು ಕಮ್ಮಿಯಾದಾಗ ಅದನ್ನು ತೆಗೆದುಕೊಂಡರೆ ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಆಮ್ಲ ತುಂಬಿಕೊಳ್ಳಬಹುದು. ಹಾಗಂತ ಇನ್ಸುಲಿನ್ ಹಾಕುವವರು "ಊಟ ಮಾಡಲಿಲ್ಲ, ಇವತ್ತು ಬೇಡ" ಅಂತ ತಾವೇ ಪೂರ್ತಿ ನಿಲ್ಲಿಸಬಾರದು. ಡೋಸ್ ಎಷ್ಟು ಅಂತ ಕೇಳಿ ಹಾಕಿ. ಕೋವಿಡ್ ವೈರಸ್ ತಡೆಯುವ ಆ್ಯಂಟಿವೈರಲ್ ಮಾತ್ರೆ ಬೇಕಾದರೂ ಮೊದಲ ಐದು ದಿನದೊಳಗೆ ಶುರು ಮಾಡಬೇಕು, ಕೊಲೆಸ್ಟರಾಲ್ ಮಾತ್ರೆಯಂಥವು ಕೆಲವು ಅದಕ್ಕೆ ಹೊಂದುವುದಿಲ್ಲ. ಹಾಗಾಗಿ ಅವರು ನುಂಗುವ ಎಲ್ಲ ಮಾತ್ರೆಗಳ ಫೋಟೋ ಕಳಿಸಿಬಿಡಿ.

ಊಟಕ್ಕೆ ಕುಚ್ಚಲಕ್ಕಿ ಗಂಜಿ ಒಳ್ಳೆಯದೇ. ಬರೀ ಗಂಜಿ ಉಪ್ಪಿನಕಾಯಿ ಬೇಡ, ಜೊತೆಗೆ ಹೆಸರುಕಾಳು, ಮೊಟ್ಟೆ, ತಿನ್ನುವವರಿಗೆ ಮೀನು ಕೊಡಿ. ಕಷಾಯಕ್ಕೆ ಬೆಲ್ಲ ಹಾಕಿ ದಿನಕ್ಕೆ ನಾಲ್ಕು ಲೋಟ ಕುಡಿಸಿದರೆ ಅದೂ ಸಕ್ಕರೆಯೇ ಅಲ್ವಾ? ಕಿಡ್ನಿ ತೊಂದರೆ ಇದ್ದರೆ ಎಳನೀರು ಕೇಳಿಯೇ ಕೊಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ನೋವಿನ ಮಾತ್ರೆ ಬೇಡ.

ಬೆರಳಿಗೆ ಹಾಕಿ ನೋಡುವ ಆಕ್ಸಿಮೀಟರಿನಲ್ಲಿ ಆಕ್ಸಿಜನ್ 94 ಅಥವಾ ಮೇಲಿದ್ದರೆ ಮನೆಯಲ್ಲಿರಬಹುದು. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವ ತನಕ ಕಾಯಿರಿ. 93 ಬಂದರೆ ಡಾಕ್ಟರಿಗೆ ಹೇಳಿ, 90ಕ್ಕೆ ಇಳಿದರೆ ತಕ್ಷಣ ಹೊರಡಿ. ಉಸಿರು ಕಟ್ಟುವುದು, ಎದೆನೋವು, ಮಾತು ತಡವರಿಸುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ಅಂಕಿಗೆ ಕಾಯಲೇಬೇಡಿ. ಐದನೇ ದಿನದಿಂದ ಹತ್ತನೇ ದಿನದವರೆಗೆ ಜಾಸ್ತಿ ಜಾಗ್ರತೆ ಬೇಕು, ಜ್ವರ ಬಿಟ್ಟಿದೆ ಅಂತ ಅಳೆಯುವುದನ್ನು ನಿಲ್ಲಿಸಬೇಡಿ.

ಇನ್ನು ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಔಷಧಿ. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್‌ನಿಂದ ತಂದು ಕೊಡುವುದನ್ನು ದಯವಿಟ್ಟು ಮಾಡಬೇಡಿ. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಅಧ್ಯಯನದಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಪ್ರಾಣ ಉಳಿಸಿದ್ದು ಆಕ್ಸಿಜನ್ ಬೇಕಾದ ರೋಗಿಗಳಲ್ಲಿ. ಆಕ್ಸಿಜನ್ ಬೇಡದವರಿಗೆ ಪ್ರಯೋಜನ ಕಾಣಲಿಲ್ಲ. ಶುಗರ್ ಇರುವವರಲ್ಲಿ ಅದು ಸಕ್ಕರೆಯನ್ನು ವಿಪರೀತ ಏರಿಸುತ್ತದೆ, ಅದೂ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಮಾತ್ರ ನೋಡುವವರಿಗೆ ಗೊತ್ತೇ ಆಗುವುದಿಲ್ಲ. 2021ರಲ್ಲಿ ಬ್ಲ್ಯಾಕ್ ಫಂಗಸ್ ಅನ್ನುವ ಶಿಲೀಂಧ್ರದ ಸೋಂಕು ಬಂದವರಲ್ಲಿ ಬಹಳ ಜನಕ್ಕೆ ಶುಗರ್ ಇತ್ತು, ಸ್ಟೀರಾಯ್ಡೂ ಹೋಗಿತ್ತು. ಮುಖದ ಒಂದೇ ಕಡೆ ನೋವು, ಕಣ್ಣಿನ ಊತ, ಮೂಗಿನಿಂದ ಕಪ್ಪು ಸ್ರಾವ ಕಂಡರೆ ಅದೇ ದಿನ ತೋರಿಸಿ.

ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಟ್ಟು ಇನ್ಸುಲಿನ್ ಹೆಚ್ಚಿಸಿ ಮನೆಗೆ ಕಳಿಸಿದ್ದರೆ ಇನ್ನೊಂದು ಮಾತು. ಸ್ಟೀರಾಯ್ಡ್ ಕಮ್ಮಿ ಮಾಡಿದ ಹಾಗೆ ಇನ್ಸುಲಿನ್ನೂ ಕಮ್ಮಿ ಆಗಬೇಕು. ಹಳೇ ಡೋಸನ್ನೇ ಹಾಕುತ್ತಾ ಹೋದರೆ ನಡುರಾತ್ರಿ ಶುಗರ್ ಇಳಿದುಬಿಡುತ್ತದೆ. ಮನೆಗೆ ಬಂದ ಮೊದಲ ವಾರದಲ್ಲೇ ಪುಸ್ತಕ ತೋರಿಸಿ ಡೋಸ್ ಸರಿಮಾಡಿಸಿಕೊಳ್ಳಿ.