ಪದ ಪರಿಚಯ: ಮಣ್ಣಿನ ಉಸಿರಾಟ

ಮಣ್ಣಿನಿಂದ ಹಗಲು ರಾತ್ರಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತಲೇ ಇರುತ್ತದೆ. ಗಿಡದ ಬೇರು, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬಿಡುವ ಉಸಿರು ಅದು. ಇದಕ್ಕೇ ಮಣ್ಣಿನ ಉಸಿರಾಟ ಎನ್ನುತ್ತಾರೆ. ಮಣ್ಣಿನ ಜೀವಿಗಳು ಎಷ್ಟು ಚುರುಕಾಗಿವೆ ಎಂದು ತಿಳಿಯಲು ಇದನ್ನು ಅಳೆಯುತ್ತಾರೆ.

ಅಳೆಯುವ ಹಳೆಯ ವಿಧಾನ ಸರಳವಾಗಿದೆ. ಜರಡಿ ಹಿಡಿದು ಬೇರು ತೆಗೆದ ಮಣ್ಣನ್ನು ಹದವಾಗಿ ತೇವ ಮಾಡಿ ಬಾಟಲಿಗೆ ಹಾಕುತ್ತಾರೆ. ಒಳಗೊಂದು ಪುಟ್ಟ ಬಟ್ಟಲಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಇಟ್ಟು ಮುಚ್ಚಳ ಬಿಗಿಯುತ್ತಾರೆ. ಹೊರಬಂದ ಅನಿಲವನ್ನು ಸೋಡಾ ಹೀರಿಕೊಳ್ಳುತ್ತದೆ. ಕೆಲವು ದಿನ ಬಿಟ್ಟು, ಉಳಿದ ಸೋಡಾ ಎಷ್ಟೆಂದು ಆಮ್ಲ ಹಾಕಿ ನೋಡಿದರೆ ಲೆಕ್ಕ ಸಿಕ್ಕಿತು.

ಜೀವಿಗಳ ಸಂಖ್ಯೆಯೇ ಬೇರೆ, ಚಟುವಟಿಕೆಯೇ ಬೇರೆ. ಮಣ್ಣಿನ ಬಹುಪಾಲು ಸೂಕ್ಷ್ಮಜೀವಿಗಳು ಸುಮ್ನೆ ಮಲಗಿರುತ್ತವೆ. ಆಹಾರ, ನೀರು, ಗಾಳಿ ಸಿಕ್ಕರೆ ಏಳುತ್ತವೆ. ತಿನ್ನಲು ಏನೂ ಇಲ್ಲದ ಹೊಲಕ್ಕೆ ಜೀವಾಣು ಗೊಬ್ಬರ ಎಷ್ಟು ಸುರಿದರೂ ಅವು ಹೆಚ್ಚು ದಿನ ಬಾಳುವುದಿಲ್ಲ. ಒಣಗಿದ ಮಣ್ಣಿಗೆ ಮಳೆ ಬಿದ್ದ ಕೂಡಲೇ ಉಸಿರಾಟ ಒಮ್ಮೆಲೇ ಏರುತ್ತದೆ. ಪೂರ್ವ ಆಫ್ರಿಕಾದ ಮಣ್ಣಿನ ಮೇಲೆ ಕೆಲಸ ಮಾಡಿದ ಎಚ್. ಎಫ್. ಬರ್ಚ್ 1958ರಲ್ಲಿ ಇದನ್ನು ವಿವರಿಸಿದರು. ಅದಕ್ಕೇ ಇದು ಬರ್ಚ್ ಪರಿಣಾಮ. ನಮ್ಮ ಮುಂಗಾರಿನ ಮೊದಲ ಹದ ಮಳೆಯಲ್ಲೂ ಹೀಗೇ. ಆಗ ಸಾರಜನಕವೂ ಬಿಡುಗಡೆಯಾಗುತ್ತದೆ. ಹೀರಿಕೊಳ್ಳಲು ಬೆಳೆ ಇಲ್ಲದಿದ್ದರೆ ಮುಂದಿನ ಮಳೆಗೆ ಬಸಿದು ಹೋಗುತ್ತದೆ.

ಮಲೆನಾಡಿನ ಒಂದೇ ಇಳಿಜಾರು ನೋಡಿ. ಮೇಲೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕೆಳಗೆ ಅಡಿಕೆ ತೋಟ, ತಗ್ಗಿನಲ್ಲಿ ಗದ್ದೆ. ಬೆಟ್ಟದಲ್ಲಿ ದರಕು, ಅಂದರೆ ಒಣ ಎಲೆ, ಬಿದ್ದು ಕೊಳೆಯುತ್ತದೆ, ನೆರಳು ತೇವ ಉಳಿಸುತ್ತದೆ. ಮಣ್ಣು ಹುಳಿಯಾದಷ್ಟೂ ಅಲ್ಲಿ ಶಿಲೀಂಧ್ರಗಳ ಕೈ ಮೇಲು. ಆ ದರಕನ್ನು ಗುಡಿಸಿ ತೋಟಕ್ಕೆ ಹಾಕಿದರೆ ತೋಟದ ಜೀವಿಗಳಿಗೆ ಹಬ್ಬ, ಬೆಟ್ಟದ ಜೀವಿಗಳಿಗೆ ಉಪವಾಸ. ಇದನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಕಡಿಮೆ, ಅಲ್ವಾ? ಗದ್ದೆಯಲ್ಲಿ ನೀರು ನಿಂತರೆ ಆಮ್ಲಜನಕ ಮುಗಿಯುತ್ತದೆ. ಗಾಳಿ ಬೇಡದ ಜೀವಿಗಳು ಕೆಲಸ ಶುರು ಮಾಡಿ ಮೀಥೇನ್ ಬಿಡುತ್ತವೆ.

ಬಯಲುಸೀಮೆಯ ಎರೆಮಣ್ಣಿನಲ್ಲಿ ಜೇಡಿ ಜಾಸ್ತಿ. ಸಾವಯವ ಅಂಶ ಜೇಡಿಗೆ ಅಂಟಿಕೊಂಡು, ಜೀವಿಗಳ ಬಾಯಿಗೆ ಬೇಗ ಸಿಗುವುದಿಲ್ಲ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಹಾಕಿದ ಗೊಬ್ಬರ ಬೇಗ ಕರಗಿಹೋಗುತ್ತದೆ.

ಉಸಿರಾಟ ಜೋರಾಗಿದ್ದರೆ ಮಣ್ಣು ಚೆನ್ನಾಗಿದೆ ಎಂದು ನೇರವಾಗಿ ಹೇಳುವಂತಿಲ್ಲ. ಈಗಷ್ಟೇ ಉತ್ತ ಹೊಲವೂ ಜೋರಾಗಿಯೇ ಉಸಿರಾಡುತ್ತದೆ. ಹೆಂಟೆಯೊಳಗೆ ಅಡಗಿದ್ದ ಸಾವಯವ ಅಂಶ ಬಯಲಾಗಿ, ಜೀವಿಗಳು ಅದನ್ನು ತಿಂದು ಮುಗಿಸುತ್ತಿರುತ್ತವೆ. ಹಾಗಾಗಿ ಈ ಅಳತೆಯನ್ನು ಮಣ್ಣು ಪರೀಕ್ಷೆಯ ಸಾವಯವ ಇಂಗಾಲದ ಅಂಕಿಯ ಪಕ್ಕ ಇಟ್ಟೇ ಓದಬೇಕು.